ಆರಡಿ ಏಣಿಯ ಬೆಟ್ಟ

ಏಣಿ ಹತ್ತಿದವನು ಕೆಳಗಿನವರು ಹೇಳದೆ ಇಳಿಯಬಾರದು. ಬಣ್ಣ ಹೊಡೆಯುವವರ ಕೆಲಸದಲ್ಲಿ ಇದೊಂದು ಕಟ್ಟುನಿಟ್ಟಿನ ಕಾನೂನು. ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮರೆತವರ ಕೈಯೋ ಕಾಲೋ ಮುರಿದಿರುತ್ತದೆ, ಅಷ್ಟೆ. ಬಣ್ಣದ ಮೇಸ್ತ್ರಿಯ ಎಡಗಾಲು ಮುರಿದದ್ದೂ ಹಾಗೆಯೇ. ಆಗ ಮದುವೆಯಾದ ಹೊಸತು. ಒಂದು ಶಾಲೆಯ ಗೋಡೆಗೆ ಕೊನೆಯ ಕೈ ಹೊಡೆದು ಮುಗಿಸಿದವನು, ಮನೆ ಸೇರುವ ಅವಸರದಲ್ಲಿ ಕೆಳಗೆ ನೋಡದೆ ಕಾಲು ಇಳಿಬಿಟ್ಟ. ಏಣಿ ಹಿಡಿದಿರಬೇಕಾದ ಪುಣ್ಯಾತ್ಮ ಗೇಟಿನ ಹತ್ತಿರ ಟೀ ಕುಡಿಯುತ್ತ ನಿಂತಿದ್ದ. ಏಣಿ ಜಾರಿತು, ಮೇಸ್ತ್ರಿ ಬಿದ್ದ, ಅವನ ಮೇಲೆ ಅರ್ಧ ಡಬ್ಬ ಹಳದಿ ಬಣ್ಣವೂ ಬಿತ್ತು. ಆಸ್ಪತ್ರೆಗೆ ಓಡಿ ಬಂದ ಹೆಂಡತಿಗೆ ಮೊದಲು ಕಂಡದ್ದು ಹಳದಿ ಮುಖದ ಗಂಡ. ಅವಳು ಆಗ ಅತ್ತಳೋ ನಕ್ಕಳೋ ಎಂಬುದು ಅವನಿಗೆ ಇವತ್ತಿಗೂ ಖಚಿತವಿಲ್ಲ.

ಕಾಲು ಕೂಡಿಕೊಳ್ಳುವಷ್ಟರಲ್ಲಿ ಅವಳು ತೀರ್ಮಾನ ಮಾಡಿಯಾಗಿತ್ತು.

"ಇನ್ಮೇಲೆ ಏಣಿ ನಾನು ಹಿಡೀತೀನಿ," ಎಂದಳು. "ಇನ್ನೊಂದು ಮಾತು. ಮೇಲಿನ ಎರಡು ಮೆಟ್ಟಿಲು ಬಣ್ಣದ ಡಬ್ಬಕ್ಕೆ, ನಿಮ್ಮ ಕಾಲಿಗಲ್ಲ. ಅಲ್ಲಿಗೆ ಕಾಲಿಟ್ಟ ದಿನ ನಾನು ತವರಿಗೆ."

ಅವಳ ತವರು ಇದ್ದದ್ದು ಎರಡು ಬೀದಿ ಆಚೆ. ಅದೇನು ದೊಡ್ಡ ಬೆದರಿಕೆಯಲ್ಲ. ಆದರೂ ಮೇಸ್ತ್ರಿ ಆ ಮಾತು ಮೀರಲಿಲ್ಲ. ವರ್ಷಗಳು ಉರುಳಿದ ಹಾಗೆ ಅದು ಮಾತಾಗಿ ಉಳಿಯದೆ ಕಾಲಿನ ಅಭ್ಯಾಸವೇ ಆಗಿಹೋಯಿತು.

ಹೀಗೆ ಗಂಡ ಮೇಲೆ, ಹೆಂಡತಿ ಕೆಳಗೆ. ಅವಳು ನೆಲಕ್ಕೆ ಹಳೆಯ ಪೇಪರು ಹಾಸುವಳು, ಪುಟ್ಟಿ ಕಲೆಸುವಳು, ಗೋಡೆ ಉಜ್ಜಿ ಉಜ್ಜಿ ಹುಬ್ಬಿನವರೆಗೂ ಬೆಳ್ಳಗಾಗುವಳು. ಅವನು ಏಣಿ ಏರಿದೊಡನೆ ಉಳಿದದ್ದೆಲ್ಲ ಬಿಟ್ಟು ಬಂದು ಎರಡೂ ಕೈಯಲ್ಲಿ ಹಿಡಿದು ನಿಲ್ಲುವಳು. "ಹಿಡ್ಕೊಂಡಿದೀನಿ, ಇಳೀರಿ" ಎಂದು ಅವಳು ಹೇಳಿದ ಮೇಲೆಯೇ ಅವನ ಕಾಲು ಕೆಳಗಿನ ಮೆಟ್ಟಿಲು ಹುಡುಕುತ್ತಿತ್ತು. ಜಗಳವಾದ ದಿನ ಅವಳು ಬೇಕೆಂದೇ ಆ ಮಾತು ಹೇಳುತ್ತಿರಲಿಲ್ಲ. ಮೇಸ್ತ್ರಿ ಒಣಗಿದ ಬ್ರಶ್ ಹಿಡಿದುಕೊಂಡು ಮೇಲೆ ನಿಂತೇ ಇರುವನು. ಮನೆ ಯಜಮಾನರು ಬಂದು ನೋಡಿ, "ಏನು ಮೇಸ್ತ್ರಿ, ಸೂರು ಪರೀಕ್ಷೆ ಮಾಡ್ತಾ ಇದೀಯಾ?" ಎಂದು ಕೇಳುವರು. ಕೊನೆಗೆ ಅವನು ತಗ್ಗಿದ ದನಿಯಲ್ಲಿ, "ಆಯ್ತು ಮಾರಾಯ್ತಿ, ತಪ್ಪಾಯ್ತು," ಎನ್ನುವನು. ಆಗ ಕೆಳಗಿನಿಂದ ಅಪ್ಪಣೆ ಸಿಗುತ್ತಿತ್ತು. ತಪ್ಪು ಯಾರದ್ದು ಎಂಬ ಪ್ರಶ್ನೆ ಏಣಿಯ ಮೇಲಿರುವವನಿಗೆ ಶೋಭಿಸುವುದಿಲ್ಲ.

ಮಕ್ಕಳಾಗಲಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಮೆಟ್ಟಿಲ ಕೆಳಗೆ ಡಬ್ಬಗಳನ್ನು ಪೇರಿಸಲು ಒಂದಿಷ್ಟು ಜಾಗ, ಇಷ್ಟರಲ್ಲೇ ಇಬ್ಬರ ಬದುಕು ಸಾಗಿತು. ಊರವರ ಗೋಡೆಗಳಿಗೆಲ್ಲ ಬಣ್ಣ ಬಳಿದ ಈ ಮನುಷ್ಯನ ಸ್ವಂತ ಮನೆಯ ಸೂರಿನಲ್ಲಿ ಸುಣ್ಣ ಹಪ್ಪಳದ ಹಾಗೆ ಎದ್ದು ನೇತಾಡುತ್ತಿತ್ತು. "ಮುಂದಿನ ತಿಂಗಳು ನೋಡೋಣ," ಎನ್ನುವನು ಮೇಸ್ತ್ರಿ. ಆ ಮುಂದಿನ ತಿಂಗಳು ಒಂದು ಸಲವೂ ಬರಲಿಲ್ಲ.

ಬಂದದ್ದು ಅವಳ ಹೊಟ್ಟೆನೋವು. ಮೊದಮೊದಲು ಗ್ಯಾಸು ಎಂದು ಅವಳೇ ತಳ್ಳಿಹಾಕಿದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮೇಸ್ತ್ರಿಯೊಬ್ಬನನ್ನೇ ಒಳಗೆ ಕರೆದು ಕೂರಿಸಿದರು. ಕ್ಯಾನ್ಸರು ಕೈಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಆದಷ್ಟು ಆರಾಮವಾಗಿ ನೋಡಿಕೊಳ್ಳಿ ಎಂದರು. ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಅವನ ಮುಖ ನೋಡಿದಳು. "ಬಸ್ಸು ತಪ್ಪಿಹೋಗುತ್ತೆ, ನಡೀರಿ," ಎಂದಷ್ಟೇ ಹೇಳಿ ಎದ್ದಳು.

ಅಂದಿನಿಂದ ಮೇಸ್ತ್ರಿ ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಇಂಥ ರೋಗಿಗಳ ಮನೆಗೇ ಬಂದು ನೋಡಿಕೊಳ್ಳುವ ನರ್ಸುಗಳ ಸಂಸ್ಥೆಯೊಂದಿತ್ತು. ಕಾಸು ಕೇಳುವವರಲ್ಲ. ಅಲ್ಲಿಂದ ಒಬ್ಬ ನರ್ಸಮ್ಮ ವಾರಕ್ಕೆರಡು ಸಲ ಬರತೊಡಗಿದರು. ಬೆನ್ನು ಹುಣ್ಣಾಗದಿರಲೆಂದು ಗಾಳಿ ತುಂಬುವ ಹಾಸಿಗೆಯೊಂದನ್ನು ತಂದು ಹಾಕಿದರು. ಮಗ್ಗುಲು ಬದಲಿಸುವುದು ಹೇಗೆ, ನೋವಿನ ಔಷಧಿ ಕೊಡುವುದು ಹೇಗೆ ಎಂದು ಮೇಸ್ತ್ರಿಗೆ ಕಲಿಸಿದರು. ಗೋಡೆಯ ಬಿರುಕಿಗೆ ಪುಟ್ಟಿ ತುಂಬುವ ಕೈ ಅದನ್ನೂ ಬೇಗ ಕಲಿಯಿತು.

ಒಂದು ಮಧ್ಯಾಹ್ನ ನೋವು ಏಕಾಏಕಿ ಹೆಚ್ಚಿತು. ಮನೆಯಲ್ಲಿದ್ದ ಔಷಧಿಗೆ ಬಗ್ಗಲಿಲ್ಲ. ಫೋನು ಮಾಡಿದರೆ ನರ್ಸಮ್ಮ ಹೊರಟಾಗಿದೆ ಎಂದರು. ಆದರೆ ಸಂಸ್ಥೆಯ ಹಳೆಯ ವ್ಯಾನು ನಡುದಾರಿಯಲ್ಲಿ ಕೈಕೊಟ್ಟಿತು. ನರ್ಸಮ್ಮ ಚೀಲ ಹೆಗಲಿಗೇರಿಸಿ, ಒಂದು ಬಸ್ಸು ಹತ್ತಿ, ಇನ್ನೊಂದು ಇಳಿದು, ಏದುಸಿರು ಬಿಡುತ್ತ ಬರುವ ಹೊತ್ತಿಗೆ ಅವಳು ದಿಂಬಿನ ಮೂಲೆ ಕಚ್ಚಿ ಕಚ್ಚಿ ಹರಿದಿದ್ದಳು. ಮೇಸ್ತ್ರಿ ಪಕ್ಕದಲ್ಲೇ ಇದ್ದ. ಏನು ತಾನೇ ಮಾಡಿಯಾನು? ಜೀವಮಾನದಲ್ಲಿ ಅಷ್ಟು ಅಸಹಾಯಕನಾಗಿ ಅವನು ಕೂತದ್ದಿಲ್ಲ.

ಹೊಸ ವ್ಯಾನಿಗಾಗಿ ಸಂಸ್ಥೆಯವರು ಹಣ ಕೂಡಿಸುತ್ತಿದ್ದಾರೆ ಎಂಬ ಸುದ್ದಿ ತಂದವನು ಹೆಂಡತಿಯ ತಮ್ಮ. ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು, ಮಾತಿಗೆ ನಿಂತರೆ ಮೆಷಿನ್ನಿಗಿಂತ ವೇಗ. ಮಂಚದ ತುದಿಯಲ್ಲಿ ಕೂತು ಫೋನು ತೋರಿಸಿದ.

"ನೋಡಿ ಭಾವ, ಮನೇಲೇ ಇದ್ದು ಬೆಟ್ಟ ಹತ್ತೋದಂತೆ. ಇಷ್ಟು ಬೆಟ್ಟಗಳಿವೆ, ಒಂದನ್ನ ಆರಿಸ್ಕೋಬೇಕು. ಮನೆ ಮೆಟ್ಟಿಲೋ, ಸ್ಟೂಲೋ, ಏನಾದ್ರೂ ಸರಿ, ಹತ್ತಿ ಇಳೀಬೇಕು. ಎಷ್ಟು ಎತ್ತರ ಆಯ್ತು ಅಂತ ದಿನಾ ಹಾಕಿದ್ರೆ ಇಲ್ಲಿ ಈ ಕೆಂಪು ಗೊಂಬೆ ಬೆಟ್ಟ ಹತ್ತುತ್ತೆ. ಅದನ್ನ ನೋಡಿ ಗೊತ್ತಿರೋರು ಕೈಲಾದಷ್ಟು ದುಡ್ಡು ಕೊಡ್ತಾರೆ."

"ಕೂತಲ್ಲೇ ಬೆಟ್ಟ ಹತ್ತೋದಾ? ತಲೆ ಕೆಟ್ಟಿದೆಯೇನೋ ನಿಂಗೆ?" ಎಂದ ಮೇಸ್ತ್ರಿ.

ಆದರೆ ಮಂಚದ ಮೇಲಿನವಳು ಕೈ ಚಾಚಿ ಫೋನು ಇಸಿದುಕೊಂಡಿದ್ದಳು. ಒಂದೊಂದೇ ಬೆಟ್ಟ ಸರಿಸಿ ನೋಡಿ, ಒಂದರ ಮೇಲೆ ಬೆರಳು ನಿಲ್ಲಿಸಿದಳು. ಎಲ್ಲಕ್ಕಿಂತ ಎತ್ತರದ್ದಲ್ಲ, ಎಲ್ಲಕ್ಕಿಂತ ಚಿಕ್ಕದೂ ಅಲ್ಲ. ಬುಡದಲ್ಲಿ ಮರಗಳು, ನಡುವೆ ಬೋಳು ಬಂಡೆ, ನೆತ್ತಿಯಲ್ಲಿ ಒಂದು ಹಿಡಿ ಹಿಮ. "ಇದು," ಎಂದಳು.

"ಏ ಇವಳೇ, ನನ್ನ ಮುರಿದ ಕಾಲಲ್ಲಿ ಕಬ್ಬಿಣದ ರಾಡು ಇದೆ, ಮರೆತೆಯಾ?"

"ನಿಮಗೆ ಮೆಟ್ಟಿಲೂ ಬೇಡ, ಸ್ಟೂಲೂ ಬೇಡ. ಏಣಿ ಇದೆಯಲ್ಲ," ಎಂದಳು. ಸ್ವಲ್ಪ ತಡೆದು ಮತ್ತೆ, "ತುದಿ ನೋಡ್ಬೇಕು ಅಂತ ಆಸೆ ರೀ. ಬೇಗ ಹತ್ತಿ," ಎಂದಳು.

ಆ 'ಬೇಗ' ಎಂಬ ಮಾತು ಯಾಕೆಂದು ಮೇಸ್ತ್ರಿಗೆ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಡಬ್ಬಗಳ ಹಿಂದಿನಿಂದ ಮಡಿಸುವ ಏಣಿಯನ್ನು ಎಳೆದು ತಂದು ಮಂಚದ ಪಕ್ಕ ಬಿಡಿಸಿ ನಿಲ್ಲಿಸಿದ. ಅವಳ ತಮ್ಮ ಫೋನಿನಲ್ಲಿ ವಿವರ ತುಂಬುತ್ತ, "ಏಣಿ ಎತ್ತರ ಎಷ್ಟು ಭಾವ?" ಎಂದು ಕೇಳಿದ. "ಆರಡಿ," ಎಂದ ಮೇಸ್ತ್ರಿ. ಬಣ್ಣದವರು ಏಣಿಯನ್ನು ಕರೆಯುವುದೇ ಹಾಗೆ: ಆರಡಿ ಏಣಿ, ಎಂಟಡಿ ಏಣಿ, ಹನ್ನೆರಡಡಿ ಏಣಿ. ತಮ್ಮ ಆರು ಎಂದು ಒತ್ತಿದ. ಒಂದು ಸಲ ಹತ್ತಿದರೆ ಆರಡಿ ಎಂದು ಲೆಕ್ಕ ನಿಂತಿತು.

ಮೊದಲ ಸಲ ಹತ್ತಿದವನು ಮೇಲೆ ಹೋಗಿ ಸುಮ್ಮನೆ ನಿಂತುಬಿಟ್ಟ.

"ಯಾಕ್ರೀ?"

"ಹಿಡಿಯೋರು ಯಾರು?"

ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಯೋಚಿಸಿ, ಗೋಡೆಯ ಮೇಲೆ ನೇರ ಗೆರೆ ಎಳೆಯಲು ಇಟ್ಟುಕೊಂಡಿದ್ದ ದಾರವನ್ನು ತರಿಸಿದಳು. ಅದರ ಒಂದು ತುದಿಯನ್ನು ಏಣಿಯ ಕಾಲಿಗೆ ಕಟ್ಟಿಸಿ ಇನ್ನೊಂದನ್ನು ತನ್ನ ಬೆರಳಿಗೆ ಸುತ್ತಿಕೊಂಡಳು. ಆ ದಾರ ಒಂದು ಬೆಕ್ಕನ್ನೂ ತಡೆಯುವಂಥದ್ದಲ್ಲ. "ಹಿಡ್ಕೊಂಡಿದೀನಿ, ಇಳೀರಿ," ಎಂದಳು. ಮೇಸ್ತ್ರಿ ಇಳಿದ. "ಒಂದು," ಎಂದಳು ಅವಳು.

ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಎಣಿಕೆ ಪೂರ್ತಿ ಅವಳದ್ದು. ಅವನಿಗೆ ಎಣಿಸುವ ಗೊಡವೆಯೇ ಇರಲಿಲ್ಲ. ಸಂಜೆ ತಮ್ಮ ಬಂದು ಅವಳನ್ನು ಕೇಳಿ ಫೋನಿಗೆ ಹಾಕುವನು. ಕೆಂಪು ಗೊಂಬೆ ಒಂಚೂರು ಮೇಲೆ ಹೋಗುವುದು. "ಇವತ್ತು ಮರಗಳು ಮುಗಿದ್ವು ರೀ, ಇನ್ನು ಬರೀ ಕಲ್ಲು, ನೋಡ್ಕೊಂಡು ಕಾಲಿಡಿ," ಎಂದು ಅವಳು ಮಲಗಿದಲ್ಲಿಂದಲೇ ದಾರಿ ತೋರಿಸುವಳು. ಅವನ ತಲೆಗೆ ತಾಗಿ ಸೂರಿನ ಸುಣ್ಣ ಉದುರಿದರೆ, "ಹಿಮ ಬೀಳ್ತಿದೆ!" ಎನ್ನುವಳು. ಬಣ್ಣ ಹೊಡೆಸಿಕೊಂಡಿದ್ದ ಮನೆಗಳವರೆಲ್ಲ ಸುದ್ದಿ ಕೇಳಿ ಹಣ ಕಟ್ಟತೊಡಗಿದರು. ಹಿಂದೆ ಕೂಲಿಗೆ ಕೊಸರಾಡಿದ್ದವರೂ ಧಾರಾಳವಾಗಿ ಕೊಟ್ಟದ್ದನ್ನು ಕೇಳಿ ಮೇಸ್ತ್ರಿ ಹುಬ್ಬೇರಿಸಿದ.

ಇದೆಲ್ಲ ಓದಲು ಚೆಂದ. ಆದರೆ ಬೆಟ್ಟ ಮೇಲೇರಿದಷ್ಟೂ ಹಾಸಿಗೆಯಲ್ಲಿದ್ದವಳು ಕುಗ್ಗುತ್ತ ಬಂದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಎಣಿಕೆಯ ದನಿ ಪಿಸುಮಾತಾಯಿತು. ಆಮೇಲೆ ಮಾತೂ ಬೇಡವೆಂದು, ಇಳಿಯಲು ದಾರವನ್ನೊಮ್ಮೆ ಎಳೆದು ಸುಮ್ಮನಾಗುವಳು. ಏಣಿಯ ಕಾಲು ಕಟಕ್ಕೆನ್ನುವುದು. ಮೇಸ್ತ್ರಿಗೆ ಒಳಗೊಳಗೇ ದಿಗಿಲು. ತುದಿ ಮುಟ್ಟುವ ಮೊದಲೇ ಇವಳು ಹೊರಟುಬಿಟ್ಟರೆ? ಕೇಳಿದ್ದೇ ಇಷ್ಟು ವರ್ಷದಲ್ಲಿ ಇದೊಂದು. ಕಾಲು ಊದಿಕೊಂಡರೂ ಸರದಿ ಹೆಚ್ಚಿಸಿದ. "ಸಾಕು ಮೇಸ್ತ್ರಿ, ನಾಳೆ ನಿಮ್ಮನ್ನೂ ನಾನೇ ನೋಡ್ಕೋಬೇಕಾಗುತ್ತೆ," ಎಂದು ನರ್ಸಮ್ಮ ಗದರಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕೊನೆಗೂ ಒಂದು ಸಂಜೆ ಅವಳ ತಮ್ಮ ಫೋನು ಮೇಲೆತ್ತಿ ಕೂಗಿದ. "ಅಕ್ಕಾ, ಮುಟ್ಟಿಬಿಟ್ರು! ಭಾವ ತುದೀಲಿದ್ದಾರೆ!" ಕೆಂಪು ಗೊಂಬೆ ಹಿಮದ ನೆತ್ತಿಯಲ್ಲಿ ಬಾವುಟ ಹಿಡಿದು ಕುಣಿಯುತ್ತಿತ್ತು. ಮೇಸ್ತ್ರಿ ಇನ್ನೂ ಏಣಿಯ ಮೇಲಿದ್ದ.

"ಹೇಗಿದೆ ರೀ ಮೇಲೆ?" ಎಂದು ಅವಳು ಪಿಸುಗುಟ್ಟಿದಳು.

"ಚಳಿ."

"ಶಾಲು ತಗೊಂಡು ಹೋಗಿ ಅಂದ್ರೆ ಕೇಳಲ್ಲ," ಎಂದು ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಹರಿಯಿತು. ಅವನ ಕಾಲನ್ನೂ ಅದರ ಮೇಲಿದ್ದ ಏಣಿಯ ತುದಿಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ದಾರ ಎಳೆದಳು. ಮೇಸ್ತ್ರಿ ಇಳಿದು ಬಂದು ಅವಳ ತಲೆ ಸವರಿದ. ಸಿಹಿ ಹಂಚಲು ಬೀದಿಗೆ ಹೋದವನು ಹತ್ತು ಮನೆಗಳಲ್ಲೂ ಅದನ್ನೇ ಹೇಳಿದ: ತೋರಿಸಿದೆ, ಅವಳಿಗೆ ತುದಿ ತೋರಿಸಿದೆ.

ಏಣಿ ಮಡಿಸಿ ಗೋಡೆಗೆ ಒರಗಿಸಿದರೂ ದಾರ ಬಿಚ್ಚಲು ಅವಳು ಬಿಡಲಿಲ್ಲ. ಕರೆಯಲು ದನಿ ಸಾಲದಿದ್ದಾಗ ಅದನ್ನೇ ಎಳೆಯುತ್ತಿದ್ದಳು. ಗೋಡೆಗೆ ಏಣಿ ಬಡಿದು ಸದ್ದಾದರೆ ಮೇಸ್ತ್ರಿ ಎಲ್ಲಿದ್ದರೂ ಓಡಿಬರುತ್ತಿದ್ದ. ಒಂದು ಬೆಳಿಗ್ಗೆ ಹಾಲು ಕಾಯಿಸಿ, ಆರಿಸಿ, ಲೋಟಕ್ಕೆ ಹಾಕಿಕೊಂಡು ಅಡುಗೆಮನೆಯಲ್ಲೇ ಕಾದ. ನಿದ್ದೆ ಕೆಡಿಸುವುದು ಬೇಡ, ಎದ್ದರೆ ಎಳೆಯುತ್ತಾಳೆ ಎಂದುಕೊಂಡ. ಹಾಲಿನ ಮೇಲೆ ಕೆನೆ ಕಟ್ಟಿತು. ಏಣಿ ಸದ್ದು ಮಾಡಲಿಲ್ಲ. ಒಳಗೆ ಹೋಗಿ ನೋಡಿದರೆ ಬೆರಳಿಗೆ ದಾರ ಸುತ್ತಿಕೊಂಡೇ ಅವಳು ಹೋಗಿಬಿಟ್ಟಿದ್ದಳು.

ಜನ ಬಂದರು, ಅವಳ ಬೆರಳಿನ ದಾರ ಬಿಡಿಸಿ ಹಾಸಿಗೆಯ ಮೇಲೇ ಬಿಟ್ಟರು, ಮಾಡಬೇಕಾದ್ದನ್ನೆಲ್ಲ ಮಾಡಿ ಹೋದರು. ಮೇಸ್ತ್ರಿ ಅಳಲಿಲ್ಲ. ಒಂದೇ ಮಾತು ಹಿಡಿದುಕೊಂಡು ಕೂತಿದ್ದ. ಅವಳು ಕೇಳಿದ್ದನ್ನು ಕೊಟ್ಟು ಕಳಿಸಿದೆ. ಮಕ್ಕಳನ್ನು ಕೊಡಲಾಗಲಿಲ್ಲ, ಬಣ್ಣ ಹೊಡೆದ ಮನೆ ಕೊಡಲಾಗಲಿಲ್ಲ, ಆದರೆ ಬೆಟ್ಟ ಕೊಟ್ಟೆ. ಆ ಒಂದು ಮಾತಿನ ಬಲದಿಂದ ಉಣ್ಣುತ್ತಿದ್ದ, ಮಲಗುತ್ತಿದ್ದ.

ಕೆಲವು ವಾರಗಳ ಮೇಲೆ ಸಂಸ್ಥೆಯಿಂದ ಒಂದು ಪದಕ ಬಂತು. ತಮ್ಮ ಅದನ್ನು ಭಾವನ ಕೊರಳಿಗೆ ಹಾಕಿದ. "ಏಣಿ ಮೇಲೆ ನಿಂತ್ಕೊಳ್ಳಿ ಭಾವ, ಒಂದು ಫೋಟೋ ತೆಗೀತೀನಿ. ಅಕ್ಕನ ಫೋಟೋ ಪಕ್ಕ ಹಾಕೋಣ."

ಮೇಸ್ತ್ರಿಗೆ ಮನಸ್ಸಿರಲಿಲ್ಲ. ಆದರೂ ಏಣಿ ಬಿಡಿಸಿ ಹತ್ತಿದ, ಎಂದಿನ ಜಾಗಕ್ಕೆ ಹೋಗಿ ನಿಂತ.

"ಇನ್ನೂ ಮೇಲೆ ಭಾವ. ತುದಿಗೆ ಹೋಗಿ."

"ಇದೇ ತುದಿ."

"ಅಲ್ಲಿಂದ ಮೇಲೆ ಇನ್ನೂ ಎರಡಿದೆಯಲ್ಲ?"

"ಅಲ್ಲಿಗೆ ಯಾರಾದ್ರೂ ಕಾಲಿಡ್ತಾರೇನೋ? ಅದು ಡಬ್ಬಕ್ಕೆ…" ಎಂದವನ ಮಾತು ಅಲ್ಲೇ ನಿಂತಿತು. ಅವನು ತಲೆಯೆತ್ತಿ ಸೂರು ನೋಡಿದ, ಬಗ್ಗಿ ತನ್ನ ಕಾಲು ನೋಡಿದ. ಅಡಿಗೊಂದು ಮೆಟ್ಟಿಲು. ಏಣಿ ಆರಡಿ, ಕಾಲು ನಿಂತದ್ದು ನಾಲ್ಕಡಿಯಲ್ಲಿ. ಹತ್ತಿದ ಪ್ರತಿ ಸಲವೂ ನಾಲ್ಕೇ ಅಡಿ. ಬೆಟ್ಟದ ಮೂರರಲ್ಲೊಂದು ಪಾಲು ಹತ್ತದೆಯೇ ಉಳಿದಿತ್ತು. ಗೊಂಬೆ ತುದಿಯಲ್ಲಿ ಕುಣಿದ ಹೊತ್ತಿಗೆ ಮೇಸ್ತ್ರಿ ಬೋಳು ಬಂಡೆಗಳ ನಡುವೆ ಎಲ್ಲೋ ಇದ್ದ. ಹಿಮವೂ ಸುಳ್ಳು, ಚಳಿಯೂ ಸುಳ್ಳು. ಸಾಯುವವಳಿಗೆ ಸುಳ್ಳು ತುದಿ ತೋರಿಸಿ ಕಳಿಸಿದ್ದ.

"ಹೋಗಲಿ ಬಿಡಿ ಭಾವ, ಯಾರಿಗೆ ಗೊತ್ತಾಗುತ್ತೆ?" ಎಂದ ತಮ್ಮ. ಮೇಸ್ತ್ರಿ ಪದಕ ತೆಗೆದು ಅವನ ಕೈಗಿಟ್ಟ. ಆ ಸಂಜೆ ಊಟ ಸೇರಲಿಲ್ಲ. ಏಣಿಯನ್ನು ಮಡಿಸಲೂ ಇಲ್ಲ. ಅದು ಮಂಚದ ಪಕ್ಕ ಹಾಗೇ ನಿಂತಿತ್ತು.

ಎರಡು ದಿನ ಬಿಟ್ಟು ನರ್ಸಮ್ಮ ಹೊಸ ವ್ಯಾನಿನಲ್ಲಿ ಬಂದರು. ಗಾಳಿಯ ಹಾಸಿಗೆ ಬೇರೆ ರೋಗಿಗೆ ಬೇಕಾಗಿತ್ತು. ಹೊಸ್ತಿಲಲ್ಲೇ ಮೇಸ್ತ್ರಿ ಅವರ ಮುಂದೆ ತಪ್ಪೊಪ್ಪಿಕೊಂಡ. "ನಾನು ಮೋಸ ಮಾಡಿದೆ ನರ್ಸಮ್ಮ. ಬೇಕು ಅಂತ ಮಾಡಿದ್ದಲ್ಲ. ಜನ ಇಡೀ ಬೆಟ್ಟಕ್ಕೆ ಕೊಟ್ರು, ನಾನು ಹತ್ತಿದ್ದು ಇಡೀ ಬೆಟ್ಟ ಅಲ್ಲ. ಅದಾದ್ರೂ ಹೋಗಲಿ. ಅವಳು ನಂಬ್ಕೊಂಡು ಹೋದಳಲ್ಲ."

ನರ್ಸಮ್ಮ ಚೀಲ ಕೆಳಗಿಟ್ಟು ಅವನನ್ನೇ ನೋಡಿದರು.

"ಅವರಿಗೆ ಗೊತ್ತಿತ್ತು ಮೇಸ್ತ್ರಿ."

"ಯಾರಿಗೆ?"

"ನಿಮ್ಮ ಮನೆಯವರಿಗೆ. ತುದಿ ಮುಟ್ಟಿದ ಮಾರನೇ ದಿನ ನಾನು ಬಂದಿದ್ನಲ್ಲ, ನೀವು ಔಷಧಿ ಅಂಗಡಿಗೆ ಹೋಗಿದ್ರಿ. ಆಗ ಹೇಳಿದ್ರು. 'ಇವರು ಆರಡಿ ಏಣೀಲಿ ನಾಲ್ಕಡಿ ದಾಟಿದ್ದನ್ನ ನಾನು ಇದುವರೆಗೆ ಕಂಡಿಲ್ಲ. ಮೊದಲ ದಿನಾನೇ ತಿಳೀತು. ಹೇಳಿದ್ರೆ ನಾನಿರೋವಾಗ ಮುಗಿಯೋದಿಲ್ಲ. ಸುಳ್ಳು ತುದಿ ಆದ್ರೂ ಪರವಾಗಿಲ್ಲ, ಇವರ ಮುಖದಲ್ಲಿ ಅದನ್ನ ನೋಡ್ಬೇಕಿತ್ತು, ನೋಡಿದೆ,' ಅಂದ್ರು." ನರ್ಸಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. "ಇನ್ನೊಂದು ಮಾತೂ ಅಂದ್ರು. 'ನಾನು ಹೋದ್ಮೇಲೆ ಯಾವತ್ತೋ ಇವರಿಗೆ ಹೊಳೆಯುತ್ತೆ. ಆಗ ಸುಮ್ಮನೆ ಕೂರೋರಲ್ಲ. ಉಳಿದದ್ದನ್ನ ಹತ್ಕೊಳ್ಳಲಿ, ಮನೇಲಿ ಒಂದು ಕೆಲಸ ಇದ್ದಹಾಗಾಗುತ್ತೆ.'"

ಮೇಸ್ತ್ರಿಗೆ ಮೊದಲು ಬಂದದ್ದು ಸಿಟ್ಟು. ಮೊದಲ ದಿನವೇ ತಿಳಿದಿತ್ತಂತೆ! ಕಾಲು ಊದಿಸಿಕೊಂಡು ಹತ್ತುತ್ತಿದ್ದವನನ್ನು ನೋಡುತ್ತ, ಹಿಮ ಬೀಳುತ್ತಿದೆ ಎಂದು ನಗುತ್ತ, ಒಂದು ಮಾತು ಬಾಯಿಬಿಡದೆ ಎಲ್ಲ ನುಂಗಿಕೊಂಡಿದ್ದಳು. ಜಗಳವಾಡೋಣವೆಂದರೆ ಆಳಿಲ್ಲ. ತಪ್ಪಾಯಿತು ಎನ್ನೋಣವೆಂದರೂ ಕೇಳಿಸಿಕೊಳ್ಳುವವರಿಲ್ಲ. ಏನೂ ತೋಚದೆ ಅವನು ನೇರ ಏಣಿಯ ಹತ್ತಿರ ಹೋಗಿ ಹತ್ತತೊಡಗಿದ. ನಾಲ್ಕನೆಯ ಮೆಟ್ಟಿಲಿಗೆ ಕಾಲು ತಾನಾಗಿ ನಿಂತಿತು. ಅವನೂ ನಿಂತ.

ನಿಂತೇ ಇದ್ದ. ಇಳಿಯಲು ಆಗಲಿಲ್ಲ. ಕೆಳಗಿನಿಂದ ಯಾರೂ ಹೇಳಿರಲಿಲ್ಲ. ಇಷ್ಟು ದಿನ ಬಾರದ ಅಳು ಆಗ ಬಂತು. ಸೂರಿನ ಸುಣ್ಣಕ್ಕೆ ಹಣೆ ಒತ್ತಿಕೊಂಡು ಮೇಸ್ತ್ರಿ ಬಿಕ್ಕಿ ಬಿಕ್ಕಿ ಅತ್ತ. "ಇಳೀರಿ ಮೇಸ್ತ್ರಿ, ಬಿದ್ದೀರಿ," ಎಂದು ನರ್ಸಮ್ಮ ಅಂದರು. ಅವನು ಕದಲಲಿಲ್ಲ.

ಹೀಗೆ ಅಳುವ ಗಂಡಸರನ್ನು ನರ್ಸಮ್ಮ ಬಹಳ ಮನೆಗಳಲ್ಲಿ ಕಂಡವರು. ನೋಡುತ್ತ ನಿಲ್ಲುವುದು ಸರಿಯಲ್ಲವೆಂದು ಬೆನ್ನು ತಿರುಗಿಸಿ ತಮ್ಮ ಕೆಲಸಕ್ಕೆ ತೊಡಗಿದರು. ಹಾಸಿಗೆಯ ಬಿರಟೆ ತೆಗೆದರು. ಅದರೊಳಗಿನ ಗಾಳಿ ನಿಟ್ಟುಸಿರಿನ ಹಾಗೆ ಹೊರಟುಹೋಯಿತು. ಕಾಲಿನ ಕಡೆಯಿಂದ ಸುತ್ತುತ್ತ ಬಂದರು. ಅವಳ ದಾರದ ತುದಿ ಹಾಸಿಗೆಯ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ನರ್ಸಮ್ಮ ಅದನ್ನು ನೋಡಲಿಲ್ಲ. ಸುರುಳಿಯನ್ನು ತಮ್ಮತ್ತ ಎಳೆದುಕೊಂಡಾಗ ದಾರ ಬಿಗಿಯಾಯಿತು. ಏಣಿಯ ಕಾಲು ಕಟಕ್ಕೆಂದಿತು.

ಮೇಸ್ತ್ರಿಯ ಅಳು ನಿಂತಿತು. ಎಡಗಾಲು ಮೆಲ್ಲಗೆ ಕೆಳಗಿನ ಮೆಟ್ಟಿಲು ಹುಡುಕಿತು. ಒಂದೊಂದೇ ಮೆಟ್ಟಿಲು ಇಳಿದು ಬಂದು ಎರಡೂ ಪಾದ ನೆಲಕ್ಕೆ ಊರಿದ. ಬರಿದಾದ ಮಂಚವನ್ನು ನೋಡುತ್ತ, ಇನ್ನು ಎಣಿಕೆಯೂ ತನ್ನದೇ ಎಂದು ನೆನಪಾಗಿ, ಒಡೆದ ದನಿಯಲ್ಲಿ "ಒಂದು" ಎಂದ.